ಮೊಗಸಾಲೆಯ ಗಾಜಿಗೆ ಎಂಥ ಛಾಯೆ?

ನಮ್ಮ ಪಟ್ಟಣಗಳಲ್ಲಿ ಇತ್ತೀಚೆಗೆ ಏಳುತ್ತಿರುವ ವಾಣಿಜ್ಯ ಸೌಧಗಳನ್ನು ನೋಡಿದವರಿಗೆ ಅವೆಲ್ಲದರಲ್ಲಿಯೂ ಸಮಾನವಾದ ಒಂದು ಲಕ್ಷಣ ಕಂಡುಬರದೆ ಇರದು. ಬ್ಯಾಂಕಾಗಲಿ, ಹೋಟೆಲಾಗಲಿ, ಆಸ್ಪತ್ರೆಯಾಗಲಿ, ಕಂಪ್ಯೂಟರ್ ಸಂಸ್ಥೆಯ ಕಚೇರಿಯಾಗಲಿ, ಕಟ್ಟಡದ ಮುಂಭಾಗದಲ್ಲಿ ಎರಡು ಮಹಡಿಗಳಷ್ಟು ಎತ್ತರದ ಗಾಜಿನ ಗೋಡೆ; ಅದರ ಹಿಂದೆ ವಿಶಾಲವಾದ ಮೊಗಸಾಲೆ. ಇದಕ್ಕೆ ಲಾಬಿ ಎಂಬ ಹೆಸರೇ ಈಗ ರೂಢಿಯಾಗಿದೆ. ಹಳೆಯ ಮನೆಗಳ ಜಗಲಿ, ಪಡಸಾಲೆಗಳು ಮಾಡುತ್ತಿದ್ದ ಕೆಲಸವನ್ನೇ, ಎಂದರೆ ಹೊರಗಿನಿಂದ ಬಂದವರನ್ನು ಬರಮಾಡಿಕೊಂಡು ಕುಳ್ಳಿರಿಸುವ ಕೆಲಸವನ್ನೇ, ಇದೂ ಮಾಡುತ್ತದೆ. ಬಂದವರು ಹತ್ತು ನಿಮಿಷ ಕುಳಿತು ಎದ್ದು ಹೋಗುವರು. ಸ್ವಾಗತದ ಮೇಜಿನ ಹಿಂದೆ ಕುಳಿತ ಹೆಣ್ಣುಮಗಳೂ ಬಾಗಿಲ ಬಳಿ ನಿಂತ ಕಾವಲುಗಾರನೂ ಮಾತ್ರ ದಿನಕ್ಕೆ ಎಂಟು ಗಂಟೆ, ಕೆಲವು ಕಡೆ ಹನ್ನೆರಡು ಗಂಟೆ, ಆ ಗಾಜಿನ ಎದುರಿಗೇ ಕಳೆಯಬೇಕು. ಆದರೆ ಗಾಜಿನ ಛಾಯೆಯನ್ನು ಆರಿಸುವವರು ಬಹುಮಟ್ಟಿಗೆ ರಸ್ತೆಯಲ್ಲಿ ನಿಂತು ನೋಡಿ ಆರಿಸುತ್ತಾರೆ.

ಹೀಗೆ ಆರಿಸುವವರ ಮನಸ್ಸಿನಲ್ಲಿ ಬೇರೂರಿರುವ ನಂಬಿಕೆಯೊಂದಿದೆ: ಗಾಜು ಕಪ್ಪಾದಷ್ಟೂ ಒಳಗೆ ತಂಪು ಹೆಚ್ಚು ಎಂಬುದು. ಮರದ ನೆರಳು ಕಪ್ಪು, ಅದು ತಂಪೂ ಹೌದು. ಆದುದರಿಂದ ಕಪ್ಪು ಗಾಜೂ ತಂಪಾಗಿರಲೇಬೇಕು ಎಂಬ ಅನುಮಾನ ಸಹಜವೇ. ಆದರೆ ಈ ಅನುಮಾನ ನಿಲ್ಲುವಂಥದಲ್ಲವೆಂಬುದು ಎರಡು ಶತಮಾನಗಳಿಗೂ ಹಿಂದೆಯೇ ಗೊತ್ತಾಗಿತ್ತು. ಅದನ್ನು ತೋರಿಸಿಕೊಟ್ಟವನು 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್.

ಹರ್ಷೆಲ್ಲನು ಸೂರ್ಯನನ್ನು ದೂರದರ್ಶಕದಿಂದ ಪರೀಕ್ಷಿಸುವಾಗ ಕಣ್ಣಿನ ರಕ್ಷಣೆಗಾಗಿ ಬಗೆಬಗೆಯ ಬಣ್ಣದ ಗಾಜುಗಳನ್ನು ಅಡ್ಡವಿಟ್ಟುಕೊಳ್ಳುತ್ತಿದ್ದನು. ಆಗ ಅವನಿಗೊಂದು ವಿಚಿತ್ರ ಗೋಚರವಾಯಿತು. ಕೆಲವು ಗಾಜುಗಳ ಮೂಲಕ ಬೆಳಕು ಅತ್ಯಲ್ಪವಾಗಿ ಬರುತ್ತಿದ್ದರೂ ಕಣ್ಣಿಗೆ ಶಾಖ ತಟ್ಟುತ್ತಿತ್ತು. ಮತ್ತೆ ಕೆಲವುಗಳ ಮೂಲಕ ಬೆಳಕು ಧಾರಾಳವಾಗಿ ಬಂದರೂ ಶಾಖವೇ ಇರುತ್ತಿರಲಿಲ್ಲ. ಬೆಳಕೂ ಶಾಖವೂ ಒಂದರ ಹಿಂದೊಂದು ನಡೆಯುವ ಜೊತೆಗಾರರಾಗಿದ್ದರೆ ಹೀಗಾಗಲು ಕಾರಣವೇನು? ಇದನ್ನು ತಿಳಿಯಲು ಆತ 1800ರಲ್ಲಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣದ ಪಟ್ಟಿಯಾಗಿ ಹರಡಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ನೇರಿಳೆಯಿಂದ ಕೆಂಪಿನ ಕಡೆಗೆ ಹೋದಂತೆ ಪಾದರಸ ಏರುತ್ತ ಬಂತು. ಕೆಂಪನ್ನು ದಾಟಿ, ಕಣ್ಣಿಗೆ ಏನೂ ಕಾಣದ ಕತ್ತಲೆಯ ಜಾಗದಲ್ಲಿಟ್ಟಾಗ ಅದು ಇನ್ನೂ ಮೇಲೇರಿತು! ಇಂದು ನಾವು ಅವಕೆಂಪು ಕಿರಣಗಳೆಂದು ಕರೆಯುವ ಕಿರಣಗಳು ಪತ್ತೆಯಾದುದು ಹೀಗೆ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ದೊಡ್ಡ ಸ್ಥಾನ ಪಡೆದ ಈ ಶೋಧದ ಮೂಲದಲ್ಲಿದ್ದುದು ಯಾವ ಬಣ್ಣದ ಗಾಜನ್ನು ಆರಿಸಬೇಕೆಂಬ ಪ್ರಶ್ನೆಯೇ ಎಂಬುದನ್ನು ವಾಚಕರು ಗಮನಿಸಬೇಕು.

ಭೂಮಿಯನ್ನು ತಲಪುವ ಬಿಸಿಲಿನ ಶಕ್ತಿಯನ್ನು ನೂರು ಪಾಲೆಂದು ಎಣಿಸಿದರೆ, ಸ್ಥೂಲವಾಗಿ 5 ಪಾಲು ಅತಿನೇರಿಳೆ ಕಿರಣಗಳಲ್ಲಿಯೂ 45 ಪಾಲು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೂ ಉಳಿದ 50 ಪಾಲು ಅವಕೆಂಪು ಕಿರಣಗಳಲ್ಲಿಯೂ ಅಡಗಿರುತ್ತದೆ. ಗಾಜು ಕಪ್ಪಾಗಿದೆಯೋ ತಿಳಿಯಾಗಿದೆಯೋ ಎಂದು ನಮ್ಮ ಕಣ್ಣು ಹೇಳುವುದು ನಡುವಣ 45 ಪಾಲನ್ನು ಕುರಿತು ಮಾತ್ರ. ಉಳಿದ ಅರ್ಧಕ್ಕಿಂತ ಹೆಚ್ಚಿನ ಭಾಗದ ವಿಷಯದಲ್ಲಿ ಕಣ್ಣು ಕುರುಡು. ಆದ್ದರಿಂದ ಗಾಜನ್ನು ಕುರಿತು ಎರಡು ಸಂಖ್ಯೆಗಳನ್ನು ಕೇಳಿ ತಿಳಿಯಬೇಕಾಗುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ಭಾಗ ಒಳಗೆ ಬರುತ್ತದೆಂಬುದು ಒಂದು. ಇದನ್ನು ಬೆಳಕಿನ ಗುಣಾಂಕವೆನ್ನೋಣ. ಬಿದ್ದ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಭಾಗ ಕೊನೆಗೆ ಕೋಣೆಯೊಳಗೆ ಶಾಖವಾಗಿ ಸೇರುತ್ತದೆಂಬುದು ಇನ್ನೊಂದು. ಇದು ಶಾಖದ ಗುಣಾಂಕ. ತಯಾರಕರ ಪಟ್ಟಿಗಳಲ್ಲಿ ಇವು ವಿ.ಎಲ್.ಟಿ. ಮತ್ತು ಎಸ್.ಎಚ್.ಜಿ.ಸಿ. ಎಂಬ ಅಕ್ಷರಗಳಿಂದ ಸೂಚಿತವಾಗಿರುತ್ತವೆ.

ಈಗ 6 ಮಿಲಿಮೀಟರು ದಪ್ಪದ ನಾಲ್ಕು ಬಗೆಯ ಒಂಟಿ ಗಾಜುಗಳನ್ನು ಹೋಲಿಸಿ ನೋಡೋಣ. ತಯಾರಕರಿಂದ ತಯಾರಕರಿಗೆ ಅಂಕಿಗಳು ಕೊಂಚ ವ್ಯತ್ಯಾಸವಾದರೂ ಒಟ್ಟಿನ ಚಿತ್ರ ಬದಲಾಗದು. ಬಣ್ಣವಿಲ್ಲದ ಗಾಜಿನ ಬೆಳಕಿನ ಗುಣಾಂಕ ಸುಮಾರು 0.88, ಶಾಖದ ಗುಣಾಂಕ 0.81. ಕಂಚಿನ ಬಣ್ಣದ ಗಾಜಿಗೆ ಇವು ಕ್ರಮವಾಗಿ 0.54 ಮತ್ತು 0.62. ಬೂದುಬಣ್ಣದ ಗಾಜಿಗೆ 0.46 ಮತ್ತು 0.59. ಹಸಿರು ಗಾಜಿಗೆ 0.76 ಮತ್ತು 0.60. ಬೂದು ಗಾಜು ಒಳಗಿನ ಬೆಳಕನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ಕೊಡುವಷ್ಟೇ ತಂಪನ್ನು ಹಸಿರು ಗಾಜು ಮುಕ್ಕಾಲು ಪಾಲು ಬೆಳಕನ್ನು ಉಳಿಸಿಕೊಂಡೇ ಕೊಡುತ್ತದೆ! ಕಂಚಿನ ಗಾಜಂತೂ ಹಸಿರಿಗಿಂತ ಕಪ್ಪಾಗಿದ್ದೂ ಹಸಿರಿಗಿಂತ ಕೊಂಚ ಹೆಚ್ಚು ಶಾಖವನ್ನೇ ಒಳಗೆ ಬಿಡುತ್ತದೆ.

ಇದರ ರಹಸ್ಯ ಕಬ್ಬಿಣದಲ್ಲಿದೆ. ಗಾಜಿನಲ್ಲಿ ಬೆರೆತ ಕಬ್ಬಿಣದ ಒಂದು ರೂಪವು, ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಫೆರಸ್ ಅಯಾನು ಎಂದು ಬಲ್ಲ ರೂಪವು, 1000 ನ್ಯಾನೋಮೀಟರಿನ ಆಸುಪಾಸಿನ ಅವಕೆಂಪು ಕಿರಣಗಳನ್ನು ಬಲವಾಗಿ ಹೀರುತ್ತದೆ. ಕೆಂಪು ಬೆಳಕನ್ನು ಅಲ್ಪವಾಗಿ ಹೀರುವುದರಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಕಂಚು ಮತ್ತು ಬೂದು ಛಾಯೆಗಳನ್ನು ಪಡೆಯಲು ಸೆಲೆನಿಯಂ, ಕೋಬಾಲ್ಟ್ ಮುಂತಾದವುಗಳನ್ನು ಸೇರಿಸುತ್ತಾರೆ. ಇವು ಹೀರುವುದು ಹೆಚ್ಚಾಗಿ ಕಾಣುವ ಬೆಳಕನ್ನೇ. ಅಂದರೆ ಅಲ್ಲಿ ಹಣ ಕೊಟ್ಟು ಕೊಳ್ಳುವುದು ಬಹುಪಾಲು ಕತ್ತಲೆಯನ್ನು.

ಹೀರಿದ ಶಾಖ ಎಲ್ಲಿಗೆ ಹೋಗುತ್ತದೆ? ಇದು ಕೇಳಲೇಬೇಕಾದ ಪ್ರಶ್ನೆ. ಬೂದು ಗಾಜಿನ ಮೇಲೆ 100 ಪಾಲು ಬಿಸಿಲು ಬಿದ್ದಿತೆನ್ನಿ. ಸುಮಾರು 5 ಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ, 45 ಪಾಲು ನೇರವಾಗಿ ಒಳಗೆ ಬರುತ್ತದೆ, 50 ಪಾಲನ್ನು ಗಾಜು ಹೀರಿ ತಾನು ಕಾಯುತ್ತದೆ. ಕಾದ ಗಾಜು ಶಾಖವನ್ನು ಎರಡು ಕಡೆಗೂ ಬಿಡಬೇಕಷ್ಟೆ. ಹೊರಗೆ ಗಾಳಿಯಾಡುವುದರಿಂದ ಹೆಚ್ಚು ಭಾಗ ಹೊರಕ್ಕೆ ಹೋದರೂ 14 ಪಾಲಿನಷ್ಟು ಒಳಕ್ಕೆ ಬಂದೇ ಬರುತ್ತದೆ. 45ಕ್ಕೆ 14 ಸೇರಿ 59 ಆಯಿತು. ಗಾಜಿನ ಪಕ್ಕದಲ್ಲಿ ಕುಳಿತವನಿಗೆ ಈ 14 ಪಾಲೇ ಹೆಚ್ಚು ಪೀಡೆ. ಕಾಯ್ದ ಬಾಣಲೆಯ ಪಕ್ಕದಲ್ಲಿ ಕುಳಿತಂತೆ, ಗಾಳಿ ತಣ್ಣಗಿದ್ದರೂ ಒಂದು ಕೆನ್ನೆ ಮಾತ್ರ ಸುಡುತ್ತಿರುತ್ತದೆ. ಮೊಗಸಾಲೆಯ ಹವಾನಿಯಂತ್ರಣವನ್ನು ಎಷ್ಟು ಜೋರು ಮಾಡಿದರೂ ಕಾವಲುಗಾರನು ಸೆಕೆಯೆಂದು ದೂರುವುದುಂಟು. ದೂರು ನ್ಯಾಯವಾದುದೇ.

ಹೀರುವುದಕ್ಕಿಂತ ಪ್ರತಿಫಲಿಸುವುದು ಮೇಲು ಎಂಬ ಯೋಚನೆ ಇದರಿಂದ ಹುಟ್ಟಿತು. ಪಾಲಿಯೆಸ್ಟರ್ ಹಾಳೆಯ ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಲೇಪವನ್ನು ಕೂರಿಸಿ, ಆ ಹಾಳೆಯನ್ನು ಕಿಟಕಿಗೆ ಅಂಟಿಸುವ ವಿಧಾನಕ್ಕೆ ಅಮೆರಿಕದ 3ಎಂ ಸಂಸ್ಥೆ 1966ರಲ್ಲಿ ಪೇಟೆಂಟ್ ಪಡೆಯಿತು. ಅಂಗಡಿಗಳಲ್ಲಿ ಸನ್ ಕಂಟ್ರೋಲ್ ಫಿಲ್ಮ್ ಎಂದು ಸಿಗುವ ಹಾಳೆಗಳ ಮೂಲ ಇದು. ಇವು ಶಾಖವನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಬೆಳಕನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತವೆ. ಅನಂತರ ಬಂದ ಬೆಳ್ಳಿಯ ಲೇಪಗಳು ಹೆಚ್ಚು ಜಾಣತನದವು. ಕೆಲವೇ ಹತ್ತು ನ್ಯಾನೋಮೀಟರು ದಪ್ಪದ ಬೆಳ್ಳಿಯ ಪದರಗಳನ್ನು ಬೇರೆ ಪಾರದರ್ಶಕ ಪದರಗಳ ನಡುವೆ ಇರಿಸಿದರೆ ಅದು ಕಾಣುವ ಬೆಳಕನ್ನು ಹಾಯಗೊಟ್ಟು ಅವಕೆಂಪನ್ನು ಮಾತ್ರ ಹಿಂದಕ್ಕೆ ಅಟ್ಟುತ್ತದೆ. ಇಂಥ ಒಳ್ಳೆಯ ಜೋಡಿಗಾಜುಗಳಲ್ಲಿ ಬೆಳಕಿನ ಗುಣಾಂಕವು ಶಾಖದ ಗುಣಾಂಕದ ಎರಡರಷ್ಟಾಗುವುದುಂಟು. ಇದಕ್ಕಿಂತ ಬಹಳ ಮುಂದೆ ಹೋಗಲು ಪ್ರಕೃತಿಯೇ ಅವಕಾಶ ಕೊಟ್ಟಿಲ್ಲ. ಏಕೆಂದರೆ ಬೆಳಕೂ ಶಕ್ತಿಯೇ. ಒಳಗೆ ಬಂದು ನೆಲ, ಗೋಡೆ, ಬಟ್ಟೆಗಳಲ್ಲಿ ಹೀರಲ್ಪಟ್ಟ ಮೇಲೆ ಅದು ಶಾಖವಾಗಿ ಪರಿಣಮಿಸುತ್ತದೆ. ಅವಕೆಂಪನ್ನೂ ಅತಿನೇರಿಳೆಯನ್ನೂ ಪೂರ್ತಿ ತಡೆದು, ಬೆಳಕಿನಲ್ಲಿ ನೂರಕ್ಕೆ 60ನ್ನು ಮಾತ್ರ ಬಿಡುವ ಆದರ್ಶ ಗಾಜಿನಲ್ಲಿಯೂ 45ರಲ್ಲಿ 60ರಷ್ಟು ಪಾಲು, ಎಂದರೆ 27 ಪಾಲು ಶಾಖ ಒಳಗೆ ಬಂದೇ ಬರಬೇಕು.

ಇದರ ಬೆಲೆಯೆಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. 6 ಮೀಟರು ಅಗಲ, 4 ಮೀಟರು ಎತ್ತರದ ಪಶ್ಚಿಮದ ಗಾಜಿನ ಗೋಡೆಯನ್ನು ಊಹಿಸಿ. ಮಧ್ಯಾಹ್ನದ ಇಳಿಬಿಸಿಲು ಅದರ ಮೇಲೆ ಚದರ ಮೀಟರಿಗೆ 600 ವಾಟಿನಂತೆ ಬೀಳುತ್ತಿದೆಯೆಂದು ಇಟ್ಟುಕೊಂಡರೆ ಒಟ್ಟು 14,400 ವಾಟು. ಬಣ್ಣವಿಲ್ಲದ ಗಾಜಿನಲ್ಲಿ ಒಳಬರುವುದು ಸುಮಾರು 11,700 ವಾಟು. ಇದನ್ನು ಹೊರಹಾಕಲು 3.3 ಟನ್ನಿನ ಹವಾನಿಯಂತ್ರಕ ಬೇಕು. ಬೂದು ಗಾಜಿಗೆ 2.4 ಟನ್ನು. ಶಾಖದ ಗುಣಾಂಕ 0.27 ಇರುವ ಲೇಪಿತ ಗಾಜಿಗೆ 1.1 ಟನ್ನು ಸಾಕು. ಈ ವ್ಯತ್ಯಾಸ ಒಂದು ದಿನದ್ದಲ್ಲ. ಕಟ್ಟಡ ಇರುವಷ್ಟು ಕಾಲ ವಿದ್ಯುತ್ತಿನ ಬಿಲ್ಲಿನಲ್ಲಿ ಬರುತ್ತಲೇ ಇರುತ್ತದೆ.

ಮೇಲಿನ 0.27 ಎಂಬ ಅಂಕಿಯನ್ನು ಸುಮ್ಮನೆ ಆರಿಸಿದ್ದಲ್ಲ. 2017ರಲ್ಲಿ ಪ್ರಕಟವಾದ ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಶೀತಪ್ರದೇಶಗಳನ್ನು ಬಿಟ್ಟು ಉಳಿದೆಡೆಗಳ ವಾಣಿಜ್ಯ ಕಟ್ಟಡಗಳ ಕಿಟಕಿಗಳಿಗೆ ಶಾಖದ ಗುಣಾಂಕ 0.27ನ್ನು ಮೀರಬಾರದೆಂದೂ ಬೆಳಕಿನ ಗುಣಾಂಕ 0.27ಕ್ಕಿಂತ ಕಡಿಮೆಯಾಗಬಾರದೆಂದೂ ವಿಧಿಸಿತು. ಎರಡನೆಯ ನಿಬಂಧನೆ ಮುಖ್ಯವಾದುದು. ಕನ್ನಡಿಯಂತೆ ಹೊಳೆಯುವ ಕಪ್ಪು ಹಾಳೆಗಳು ಮೊದಲನೆಯದರಲ್ಲಿ ತೇರ್ಗಡೆಯಾದರೂ ಇದರಲ್ಲಿ ಸೋಲುತ್ತವೆ. ಅದೇ ಸಂಹಿತೆಯಲ್ಲಿ ಕನ್ನಡಿಗರ ಗಮನ ಸೆಳೆಯಬೇಕಾದ ಇನ್ನೊಂದು ಅಂಶವಿದೆ. ಉತ್ತರಕ್ಕೆ ಮುಖಮಾಡಿದ ಕಿಟಕಿಗಳಿಗೆ 0.50ರವರೆಗೆ ರಿಯಾಯಿತಿ ಇದೆ, ಆದರೆ 15 ಡಿಗ್ರಿ ಅಕ್ಷಾಂಶ ಮತ್ತು ಅದರ ಉತ್ತರಕ್ಕಿರುವ ಊರುಗಳಿಗೆ ಮಾತ್ರ. ಈ ರೇಖೆ ನಮ್ಮ ನಾಡನ್ನು ಹಾವೇರಿಗೂ ಹುಬ್ಬಳ್ಳಿಗೂ ನಡುವೆ ದಾಟುತ್ತದೆ. ಹುಬ್ಬಳ್ಳಿಗೆ ದೊರೆತ ರಿಯಾಯಿತಿ ಬೆಂಗಳೂರಿಗೆ ಏಕಿಲ್ಲ? ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಅಲ್ಲಿ ನಡುಹಗಲು ನೆತ್ತಿಯ ಮೇಲೆ ಬಂದು, ಅನಂತರ ಉತ್ತರಕ್ಕೆ ಸರಿದು, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ನಡುವಣ ಹೆಚ್ಚುಕಡಿಮೆ ನಾಲ್ಕು ತಿಂಗಳು ಉತ್ತರದ ಗಾಜಿಗೂ ಬಿಸಿಲು ಉಂಟು. ತೆಂಕಣಕ್ಕೆ ಹೋದಷ್ಟೂ ಈ ಅವಧಿ ಹೆಚ್ಚುತ್ತದೆ. ಸಂಹಿತೆಯವರು ಎಲ್ಲಿಯೋ ಒಂದು ಗೆರೆ ಎಳೆಯಬೇಕಾಗಿತ್ತು, 15ರಲ್ಲಿ ಎಳೆದರು.

ಹಾಗೆಂದು ದಿಕ್ಕಿನ ಪ್ರಶ್ನೆಗೆಲ್ಲ ಗಾಜಿನಿಂದಲೇ ಉತ್ತರ ಕೊಡಬೇಕಾಗಿಲ್ಲ. ಜೂನ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ಉತ್ತರ ದಿಗಂತದಿಂದ 79 ಡಿಗ್ರಿಗೂ ಹೆಚ್ಚು ಎತ್ತರದಲ್ಲಿರುತ್ತಾನೆ. 1 ಮೀಟರಿನ ಸಜ್ಜಾ ಇದ್ದರೆ ಅದರ ನೆರಳು ಗಾಜಿನ ಮೇಲೆ 5 ಮೀಟರು ಕೆಳಗಿನವರೆಗೂ ಬೀಳುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಗೋಡೆಗೆ ಅದೇ ಸಜ್ಜಾ 1.35 ಮೀಟರು ನೆರಳು ಕೊಟ್ಟೀತು. ಆದರೆ ಮಾರ್ಚಿ ತಿಂಗಳ ಸಂಜೆ ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಸೂರ್ಯನ ಎತ್ತರ 30 ಡಿಗ್ರಿಯಷ್ಟೇ. ಸಜ್ಜಾದ ನೆರಳು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಪಶ್ಚಿಮದ ಮೊಗಸಾಲೆಯೇ ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ ಎನ್ನುವುದು ಇದರಿಂದಲೇ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಚಿವಾಲಯ ಕಟ್ಟಡವನ್ನು ಯೋಜಿಸುವಾಗ, ಪೂರ್ವಪಶ್ಚಿಮಗಳ ವಿಶಾಲವಾದ ಗಾಜಿನ ಗೋಡೆಗಳಿಗೆ ಹೊರಗಡೆ ಬಿಸಿಲುತಡೆಗಳು ಬೇಕೇಬೇಕೆಂದು ಲ ಕಾರ್ಬೂಸಿಯೇ ಹಟ ಹಿಡಿದನು. ಅವನ ಮಾತು ನಡೆಯಲಿಲ್ಲ. ಶಾಖ ಹೀರುವ ಹಸಿರು ಗಾಜನ್ನೇ ನೆಚ್ಚಿಕೊಂಡರು. ಮುಂದೆ ಚಂಡೀಗಢದ ಸಚಿವಾಲಯವನ್ನು ರಚಿಸಿದಾಗ ಆತ ಕಾಂಕ್ರೀಟಿನ ಆಳವಾದ ಬಿಸಿಲುತಡೆಗಳನ್ನು ಮುಂಭಾಗದುದ್ದಕ್ಕೂ ಹಾಕಿಯೇ ತೀರಿದನು.

ಶಾಖದ ಮಾತು ಇಷ್ಟಾಯಿತು. ಕಣ್ಣಿನದು ಇನ್ನೊಂದು ಕಥೆ. ಕಪ್ಪು ಛಾಯೆಯಿಂದ ಕಣ್ಣು ಕೋರೈಸುವುದು ತಪ್ಪುತ್ತದೆ ಎನ್ನುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಸೂರ್ಯಬಿಂಬವು ಹುಣ್ಣಿಮೆಯ ಚಂದ್ರಬಿಂಬಕ್ಕಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ಹತ್ತರಲ್ಲಿ ಒಂದೇ ಪಾಲು ಬೆಳಕನ್ನು ಬಿಡುವ ಕಡುಗಪ್ಪು ಗಾಜಿನ ಹಿಂದೆಯೂ ಅದು ಚಂದ್ರನ 40,000 ಪಟ್ಟು ಇರುತ್ತದೆ. ಇಳಿಹೊತ್ತಿನ ಸೂರ್ಯ ನೇರವಾಗಿ ಕಣ್ಣಿಗೆ ಬೀಳುವ ಕಡೆ ಯಾವ ಛಾಯೆಯೂ ಸಾಲದು. ಅಲ್ಲಿ ಬೇಕಾದುದು ಲಂಬವಾದ ತಡೆಪಟ್ಟಿ, ಇಲ್ಲವೆ ಪರದೆ. ಅಥವಾ ಸ್ವಾಗತದ ಮೇಜನ್ನು ತೊಂಬತ್ತು ಡಿಗ್ರಿ ತಿರುಗಿಸಿ ಇಡುವುದು. ಕೊನೆಯದಕ್ಕೆ ಕಾಸೂ ಖರ್ಚಿಲ್ಲವಾದುದರಿಂದ ಯಾರೂ ಅದನ್ನು ಸಲಹೆ ಮಾಡುವುದಿಲ್ಲವೆಂದು ತೋರುತ್ತದೆ.

ಮತ್ತೆ, ಕತ್ತಲೆಗೂ ತನ್ನದೇ ಆದ ಅಪಾಯವುಂಟು. ಉರಿಬಿಸಿಲಿನ ಪ್ರಕಾಶ 1 ಲಕ್ಷ ಲಕ್ಸಿನಷ್ಟು. ಮೊಗಸಾಲೆಯ ದೀಪಗಳ ಬೆಳಕು 200 ಅಥವಾ 300 ಲಕ್ಸು. ಬಿಸಿಲಿನಿಂದ ಥಟ್ಟನೆ ಒಳಗೆ ಬಂದವನಿಗೆ ಕಣ್ಣು ಕತ್ತಲಿಡುವುದು ಎಲ್ಲರ ಅನುಭವ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷಗಳಾದರೂ ಬೇಕು. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿ ಪಾಪೆಯೂ ಕಿರಿದಾಗುವುದರಿಂದ ಅವರಿಗೆ ಈ ತೊಂದರೆ ಹೆಚ್ಚು. ಅರುವತ್ತರ ಮುದುಕನ ಅಕ್ಷಿಪಟಲಕ್ಕೆ ಇಪ್ಪತ್ತರ ತರುಣನದಕ್ಕೆ ಬೀಳುವ ಬೆಳಕಿನ ಮೂರನೆಯ ಒಂದು ಪಾಲಷ್ಟೇ ಬೀಳುತ್ತದೆಂದು ಎಣಿಕೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಪ್ಪು ಗಾಜನ್ನು ದಾಟಿದೊಡನೆ ನುಣ್ಣನೆಯ ಗ್ರಾನೈಟಿನ ಮೆಟ್ಟಿಲೊಂದಿದ್ದರೆ ಏನಾದೀತೆಂದು ಊಹಿಸಬಹುದು. ಹಳೆಯ ಮನೆಗಳಲ್ಲಿ ಅಂಗಳದಿಂದ ಜಗಲಿಗೆ, ಜಗಲಿಯಿಂದ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ಬೆಳಕು ಹಂತಹಂತವಾಗಿ ಇಳಿಯುತ್ತಿತ್ತು. ಒಂದು ಮುಂಚಾವಣಿ, ಅದರಡಿಯಲ್ಲಿ ತಿಳಿಯಾದ ಗಾಜು, ಆಮೇಲೆ ಮೊಗಸಾಲೆ ಎಂಬ ಕ್ರಮವನ್ನು ಇಟ್ಟುಕೊಂಡರೆ ಅದೇ ಅನುಕೂಲವನ್ನು ಇಂದೂ ಪಡೆಯಬಹುದು.

ಕನ್ನಡಿಯಂಥ ಗಾಜನ್ನು ಬಯಸುವವರು ಹೇಳುವ ಕಾರಣ ಮರೆ. ಹೊರಗಿನವರಿಗೆ ಒಳಗಿನದು ಕಾಣದು, ಒಳಗಿನವರಿಗೆ ಹೊರಗಿನದು ಕಾಣುತ್ತದೆ ಎನ್ನುತ್ತಾರೆ. ಇದು ಗಾಜಿನ ಗುಣವಲ್ಲ, ಬೆಳಕಿನ ತಾರತಮ್ಯದ ಗುಣ. ಅರ್ಧದಷ್ಟು ಬೆಳಕನ್ನು ಪ್ರತಿಫಲಿಸಿ ನೂರರಲ್ಲಿ 15ನ್ನು ಹಾಯಿಸುವ ಗಾಜನ್ನು ತೆಗೆದುಕೊಳ್ಳಿ. ಹಗಲು ಹೊರಗಿನ ಪ್ರಕಾಶ 5000 ಮಾನವೂ ಒಳಗಿನದು 100 ಮಾನವೂ ಆಗಿದ್ದರೆ, ಹೊರಗೆ ನಿಂತವನಿಗೆ ಪ್ರತಿಫಲನದಿಂದ 2500, ಒಳಗಿನಿಂದ 15. ತನ್ನ ಮುಖವೇ ಕಾಣುತ್ತದೆ. ಇರುಳಾಗಿ ಹೊರಗಿನ ಪ್ರಕಾಶ 2 ಮಾನಕ್ಕೆ ಇಳಿಯಿತೆನ್ನಿ. ಈಗ ಒಳಗೆ ಕುಳಿತ ಕಾವಲುಗಾರನಿಗೆ ಪ್ರತಿಫಲನದಿಂದ 50, ಹೊರಗಿನಿಂದ 0.3! ಅವನು ಕಾಣುವುದು ತನ್ನನ್ನೂ ಗೋಡೆಯ ಗಡಿಯಾರವನ್ನೂ. ಬಾಗಿಲಾಚೆ ಯಾರು ನಿಂತಿದ್ದಾರೆಂದು ತಿಳಿಯದು. ಹೊರಗೆ ನಿಂತವನಿಗೆ ಅವನು ಸ್ಪಷ್ಟವಾಗಿ ಕಾಣುತ್ತಾನೆ. ಕಾವಲು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಗಾಜು ಪಕ್ಷ ಬದಲಿಸುತ್ತದೆ. ಪ್ರತಿಫಲನ ಕಡಿಮೆಯಿರುವ ಗಾಜನ್ನು ಆರಿಸಿ, ರಾತ್ರಿ ಹೊರಬಾಗಿಲಿನಲ್ಲಿ ದೀಪವನ್ನು ಹೆಚ್ಚಿಸಿ ಒಳಗಿನದನ್ನು ತಗ್ಗಿಸುವುದೇ ಇದಕ್ಕೆ ಪರಿಹಾರ.

ಪ್ರತಿಫಲಿಸಿದ ಬಿಸಿಲು ಎಲ್ಲಿಗೋ ಹೋಗಲೇಬೇಕಷ್ಟೆ. 2013ರಲ್ಲಿ ಲಂಡನ್ನಿನ ಫೆನ್‌ಚರ್ಚ್ ಬೀದಿಯ 20ನೆಯ ಸಂಖ್ಯೆಯ ಸೌಧವು ತನ್ನ ಒಳಬಾಗಿದ ಗಾಜಿನ ಮುಖದಿಂದ ನಿಮ್ನದರ್ಪಣದಂತೆ ಬಿಸಿಲನ್ನು ಕೇಂದ್ರೀಕರಿಸಿ, ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳನ್ನು ಕರಗಿಸಿಬಿಟ್ಟಿತು. ಮರುವರ್ಷ ಅದಕ್ಕೆ ಹೊರಗಡೆ ಬಿಸಿಲುತಡೆ ಕಟ್ಟಬೇಕಾಯಿತು. ಚಪ್ಪಟೆಯಾದ ಗಾಜು ಇಷ್ಟು ಅನಾಹುತ ಮಾಡದಿದ್ದರೂ ಎದುರುಮನೆಯವರ ಕಣ್ಣನ್ನು ಕುಕ್ಕಬಹುದು. ಅದರಲ್ಲಿ ಮರದ ಬಿಂಬವನ್ನು ಕಂಡ ಹಕ್ಕಿಗಳು ಹಾರಿಬಂದು ಬಡಿದು ಸಾಯುತ್ತವೆ.

ಹಳೆಯ ಕಟ್ಟಡದ ಗಾಜಿಗೆ ಹಾಳೆ ಅಂಟಿಸುವವರು ಇನ್ನೊಂದು ಎಚ್ಚರಿಕೆಯನ್ನು ವಹಿಸಬೇಕು. ಶಾಖ ಹೀರುವ ಹಾಳೆಯಿಂದ ಗಾಜಿನ ನಡುಭಾಗ ಕಾಯ್ದು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗೇ ಉಳಿದು ಎಳೆತಕ್ಕೆ ಸಿಕ್ಕುತ್ತದೆ. ಹದಗೊಳಿಸದ ಸಾಧಾರಣ ಗಾಜು ಸುಮಾರು 40 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಬಿರುಕು ಬಿಡಬಹುದು. ಟಫನ್ಡ್ ಗಾಜು ಇದರ ಹಲವು ಪಟ್ಟು ತಾಳುತ್ತದೆ. ಜೋಡಿಗಾಜುಗಳಲ್ಲಿ ನಡುವಣ ಗಾಳಿ ಶಾಖವನ್ನು ಹೊರಬಿಡದ ಕಾರಣ ಅಪಾಯ ಹೆಚ್ಚು. ಹಿಗ್ಗುಕುಗ್ಗುಗಳನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಗೋಪುರ ಸಾಕ್ಷಿ. ಅದರ ಪ್ರತಿಫಲಕ ಜೋಡಿಗಾಜುಗಳ ಅಂಚನ್ನು ಬೆಸೆದಿದ್ದ ಸೀಸದ ಬೆಸುಗೆ ಬಹಳ ಬಿಗಿಯಾಗಿತ್ತು. ಬಿಸಿಲಿಗೂ ಗಾಳಿಗೂ ಅದು ಬಳುಕದೆ ಗಾಜಿನಲ್ಲಿಯೇ ಬಿರುಕು ಹುಟ್ಟಿಸಿತು. 1973ರಲ್ಲಿ ಗಾಜುಗಳು ರಸ್ತೆಗೆ ಉದುರತೊಡಗಿ, ಕಡೆಗೆ 10,344 ಗಾಜುಗಳನ್ನೂ ಬದಲಾಯಿಸಬೇಕಾಯಿತು.

ಹಾಳೆ ಮಾರುವವರು ಕೆಲವೊಮ್ಮೆ ಕೆಂಪನೆಯ ಶಾಖದೀಪವೊಂದನ್ನು ಉರಿಸಿ, ಗಾಜಿನ ಈಚೆ ಕೈಯೊಡ್ಡುವಂತೆ ಹೇಳಿ, ಶಾಖವೇ ತಟ್ಟದುದನ್ನು ತೋರಿಸಿ ಬೆರಗುಗೊಳಿಸುತ್ತಾರೆ. ಆ ದೀಪದಿಂದ ಹೊರಡುವುದು ಬಹುಪಾಲು ಅವಕೆಂಪು. ಸೂರ್ಯನಿಂದ ಬರುವುದರಲ್ಲಿ ಅವಕೆಂಪು ಅರ್ಧ ಮಾತ್ರ. ನೂರಕ್ಕೆ 99ರಷ್ಟು ಅವಕೆಂಪನ್ನು ತಡೆಯುತ್ತೇವೆ ಎಂಬ ಜಾಹೀರಾತು ಯಾವುದೋ ಒಂದು ಕಿರಿದಾದ ತರಂಗಪಟ್ಟಿಯನ್ನು ಕುರಿತದ್ದಾಗಿರಬಹುದು. ಅತಿನೇರಿಳೆಯನ್ನು ತಡೆದರೆ ಮೊಗಸಾಲೆಯ ಸೋಫಾ, ಚಿತ್ರಪಟಗಳು ಮಾಸುವುದೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಕಾಣುವ ಬೆಳಕೂ ಬಣ್ಣವನ್ನು ಮಾಸಿಸುತ್ತದೆ. ಕೇಳಬೇಕಾದುದು ಒಟ್ಟು ಬಿಸಿಲಿಗೆ ಲೆಕ್ಕ ಹಾಕಿದ ಶಾಖದ ಗುಣಾಂಕವನ್ನು, ಅದೂ ಬರೀ ಹಾಳೆಯದಲ್ಲ, ತಮ್ಮಲ್ಲಿರುವ ಗಾಜಿಗೆ ಅಂಟಿಸಿದ ಮೇಲಿನದನ್ನು.

ಅಂಕಿಗಳಲ್ಲಿ ತೇರ್ಗಡೆಯಾದ ಎರಡು ಮೂರು ಛಾಯೆಗಳು ಉಳಿದ ಮೇಲೆ ಆಯ್ಕೆಯನ್ನು ಕಣ್ಣಿಗೆ ಬಿಡಬಹುದು. ಪ್ರತಿಯೊಂದರ ತುಂಡನ್ನೂ, ಅಂಗೈಯಗಲದ್ದಲ್ಲ, ಕನಿಷ್ಠ ಒಂದು ಇಡೀ ಗಾಜಿನಷ್ಟು ದೊಡ್ಡದನ್ನು, ಅದೇ ಮೊಗಸಾಲೆಯಲ್ಲಿ ಒಂದು ವಾರ ಅಂಟಿಸಿಡಬೇಕು. ಸಂಜೆ ನಾಲ್ಕಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ಒಳಗಿನಿಂದಲೂ ಹೊರಗಿನಿಂದಲೂ ನೋಡಬೇಕು. ಕಂಚಿನ ಛಾಯೆಯಲ್ಲಿ ಮರದ ಹಲಗೆ ಸೊಗಸಾಗಿ ಕಂಡು ಕುಂಡದ ಎಲೆಗಳು ಒಣಗಿದಂತೆ ಕಾಣಬಹುದು. ಹಸಿರಿನಲ್ಲಿ ಮನುಷ್ಯರ ಮುಖ ಕೊಂಚ ಬಿಳುಚಿದಂತೆ ತೋರಬಹುದು. ಮತ್ತು ಆ ವಾರದ ಕೊನೆಯಲ್ಲಿ, ಸ್ವಾಗತದ ಮೇಜಿನವಳನ್ನೂ ಬಾಗಿಲಿನ ಕಾವಲುಗಾರನನ್ನೂ ಯಾವುದು ಹಿತವಾಯಿತೆಂದು ಕೇಳಬೇಕು.